ಹುಳ ಜ್ವರಕ್ಕೆ ಕೂತಾಗ

ಯಾವ ಊರಿಗೆ ಹೋದರೂ ಶಾಲೆ ಎಲ್ಲಿ ಎಂದು ಕೇಳುವ ಅಗತ್ಯ ನನಗೆ ಬಿದ್ದಿರಲಿಲ್ಲ. ಮಕ್ಕಳ ಗಲಾಟೆಯ ಜಾಡು ಹಿಡಿದರೆ ಸಾಕಿತ್ತು. ಹೆಡ್ ಮೇಡಂ ಆಗಿ ಬಡ್ತಿ ಸಿಕ್ಕಿ, ಕೂಟಗಲ್ ಕಡೆಯ ಬಸ್ಸಿಳಿದು ಉಪ್ಪುನೇರಳೆ ತೋಟಗಳ ನಡುವೆ ನಡೆದು ಬಂದ ಆ ಮಧ್ಯಾಹ್ನ ಮಾತ್ರ ಜಾಡೇ ಸಿಗಲಿಲ್ಲ. ಬಾವುಟದ ಕಂಬ ಕಂಡಿತು, ಹೆಂಚಿನ ಕಟ್ಟಡ ಕಂಡಿತು, ಒಂದು ದನಿಯೂ ಕೇಳಲಿಲ್ಲ. ಇವತ್ತೇನು ರಜೆಯೋ ಎಂದುಕೊಂಡು ಒಳಗೆ ಇಣುಕಿದೆ. ಕೋಣೆಯ ತುಂಬ ಮಕ್ಕಳು ಕೂತಿದ್ದರು. ಎಲ್ಲರೂ ಒಮ್ಮೆಗೇ ನನ್ನ ಕಡೆ ತಿರುಗಿ, ಎದ್ದು ನಿಂತು, ಬಾಯಿ ಬಿಡದೆ ಕೈಮುಗಿದರು.

ಆಗ ಮಳೆಯ ಸದ್ದು ಕೇಳಿತು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಗೋಡೆಯ ಆಚೆಯಿಂದ ಮಾತ್ರ ಸಣ್ಣಗೆ, ಬಿಡದೆ, ಹೆಂಚಿನ ಮೇಲೆ ಮಳೆ ಸುರಿಯುವ ಹಾಗೆ. ನಾನು ಕತ್ತೆತ್ತಿ ಹೆಂಚಿನ ಕಡೆ ನೋಡಿದೆ.

"ಹುಳ ಸೊಪ್ಪು ತಿಂತಾ ಇವೆ ಮೇಡಂ," ಎಂದು ಅಲ್ಲಿದ್ದ ಒಬ್ಬರೇ ಸಹಶಿಕ್ಷಕರು ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು.

ಅದು ರೇಷ್ಮೆಯ ಕಾಲ. ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ತೋಟವಾಗಿತ್ತು. ನಡುಮನೆಯಲ್ಲಿ ಹುಳ ಮಲಗುತ್ತಿದ್ದವು, ಜಗಲಿಯಲ್ಲಿ ಜನ ಮಲಗುತ್ತಿದ್ದರು. ಅಷ್ಟಾದರೂ ಜಾಗ ಸಾಲದೆ ಬಂದಾಗ, ನನಗಿಂತ ಹಿಂದಿನ ಹೆಡ್ ಮಾಸ್ಟರು ಶಾಲೆಯ ದೊಡ್ಡ ಕೋಣೆಯನ್ನೇ ಊರಿಗೆ ಬಿಟ್ಟುಕೊಟ್ಟಿದ್ದರು. ಅದಕ್ಕೆ ಬದಲಾಗಿ ಊರು ತನ್ನ ಮಕ್ಕಳನ್ನೆಲ್ಲ, ಹೆಣ್ಣುಮಕ್ಕಳನ್ನೂ ಸೇರಿಸಿ, ತಪ್ಪದೆ ಶಾಲೆಗೆ ಕಳಿಸಬೇಕು. ಸುತ್ತಲಿನ ಊರುಗಳಲ್ಲಿ ಸೊಪ್ಪು ಕೊಯ್ಯಲು ಹೋದ ಹೆಣ್ಣುಮಕ್ಕಳು ಮತ್ತೆ ಶಾಲೆಯ ಕಡೆ ತಲೆ ಹಾಕುತ್ತಿರಲಿಲ್ಲ. ಇಲ್ಲಿ ಒಬ್ಬಳೂ ಬಿಟ್ಟಿರಲಿಲ್ಲ. ಆ ಹೆಡ್ ಮಾಸ್ಟರು ದಡ್ಡರಲ್ಲ, ಇದನ್ನು ಒಪ್ಪಲೇಬೇಕು.

ಊರಿನವರದೂ ಒಂದು ಷರತ್ತಿತ್ತು. ಹುಳ ಇರುವ ಕಡೆ ಯಾರೂ ದನಿ ಎತ್ತಬಾರದು. ಸದ್ದಿಗೆ ಬೆಚ್ಚಿದ ಹುಳ ಗೂಡು ಕಟ್ಟುವುದಿಲ್ಲ ಎಂಬುದು ಅಲ್ಲಿನ ಹಳೆಯ ನಂಬಿಕೆ. ಹುಳಕ್ಕೆ ಕಿವಿಯೇ ಇಲ್ಲ ಎಂದು ರೇಷ್ಮೆ ಇಲಾಖೆಯವರು ಬಂದು ಹೇಳಿದ್ದರಂತೆ. ಆ ಕೋಣೆಯನ್ನು ನೋಡಿಕೊಳ್ಳುತ್ತಿದ್ದ ಅಜ್ಜಿ, "ಕಿವಿ ಇಲ್ದಿದ್ರೆ ಏನಾಯ್ತು, ಮೈ ಇಲ್ವಾ?" ಎಂದು ಕೇಳಿ ಅವರನ್ನು ಕಳಿಸಿಬಿಟ್ಟಿದ್ದರು. ಶಾಲೆಯ ತನಿಖೆಗೆ ಬಂದ ಇನ್‌ಸ್ಪೆಕ್ಟರುಗಳು ಮಾತ್ರ, ಶಿಸ್ತು ಎಂದರೆ ಹೀಗಿರಬೇಕು ಎಂದು ಹೊಗಳಿ ಹೋಗುತ್ತಿದ್ದರು.

ಆ ಶಿಸ್ತಿನ ಜೊತೆ ನಾನು ದಿನವಿಡೀ ಇರಬೇಕಾಯಿತು. ಓದು ಎಂದರೆ ತುಟಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ. ಮಗ್ಗಿಯನ್ನು ಸ್ಲೇಟಿನ ಮೇಲೆ ಮುತ್ತು ಪೋಣಿಸಿದ ಹಾಗೆ ಬರೆದು ತೋರಿಸುತ್ತಿದ್ದರು. ಆಟಕ್ಕೆ ಬಿಟ್ಟರೆ ಓಡುತ್ತಿದ್ದರು, ಬೀಳುತ್ತಿದ್ದರು, ಮಂಡಿ ತರಚಿಕೊಂಡು ಬಾಯಿ ಅಗಲಿಸಿ ಸದ್ದಿಲ್ಲದೆ ಅಳುತ್ತಿದ್ದರು. ನಗು ಬಂದರೆ ಭುಜ ಕುಲುಕುತ್ತಿತ್ತು, ಅಷ್ಟೇ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಈ ಮಕ್ಕಳ ಮೇಲೆ ರೇಗುವುದಕ್ಕೆ ಒಂದು ಕಾರಣವೂ ಸಿಗುತ್ತಿರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸುತ್ತಿತ್ತು.

ಒಂದು ಬೆಳಗ್ಗೆ ಶಾಲೆಗೆ ಬಂದಾಗ ಮಳೆಯ ಸದ್ದೂ ನಿಂತಿತ್ತು. ಅಜ್ಜಿ ನನ್ನನ್ನು ಕೈಸನ್ನೆ ಮಾಡಿ ಕರೆದು, ಕಾಲು ತೊಳೆಸಿ, ಹುಳದ ಕೋಣೆಯೊಳಗೆ ಬಿಟ್ಟರು. ನೆಲದಿಂದ ಮಾಡಿನವರೆಗೆ ಬಿದಿರಿನ ತಟ್ಟೆಗಳು. ಒಂದೊಂದು ತಟ್ಟೆಯಲ್ಲೂ ಹುಳಗಳು ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂತಿದ್ದವು. ಎಲ್ಲವೂ ಏನನ್ನೋ ಆಲಿಸುತ್ತಿವೆ ಅನ್ನಿಸಿತು.

"ಜ್ವರಕ್ಕೆ ಕುಂತವೆ," ಎಂದು ಅಜ್ಜಿ ತುಟಿಯಲ್ಲೇ ಹೇಳಿದರು.

ಪೊರೆ ಬಿಡುವ ಮೊದಲು ಹುಳ ಹೀಗೆ ಕೂರುವುದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕು ಸಲ ಬರುತ್ತದೆ. ಅವತ್ತಿನದು ಕೊನೆಯ ಜ್ವರ, ದೊಡ್ಡ ಜ್ವರ. ಅದು ಕೆಟ್ಟರೆ ಬೆಳೆಯೇ ಕೆಟ್ಟಿತು ಎಂದು ಊರೆಲ್ಲ ಉಸಿರು ಬಿಗಿಹಿಡಿಯುತ್ತಿತ್ತು.

ಅವತ್ತೇ ನಾಲ್ಕನೇ ತರಗತಿಗೆ ಬೆನ್ನು ಮಾಡಿ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಮೌನ ಎಷ್ಟೇ ಇದ್ದರೂ ಸ್ಲೇಟಿನ ಮೇಲೆ ಬಳಪ ಕೀರುವುದು ಕೇಳುತ್ತಿರುತ್ತದೆ. ಅದೂ ನಿಂತಿತು. ತಿರುಗಿ ನೋಡಿದೆ. ಮಕ್ಕಳೆಲ್ಲ ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿದ್ದರು. ಬೆಳಗ್ಗೆ ತಟ್ಟೆಯಲ್ಲಿ ಕಂಡದ್ದೇ ಮತ್ತೆ ಕಂಡಂತಾಯಿತು. ಎಲ್ಲರ ಕಣ್ಣೂ ಮುಂದಿನ ಸಾಲಿನಲ್ಲಿ ಕೂತ ಒಬ್ಬ ಹುಡುಗಿಯ ಕಾಲಿನ ಮೇಲಿತ್ತು. ಅವಳು ಅಜ್ಜಿಯ ಮೊಮ್ಮಗಳು. ಹುಳಕ್ಕೆ ಬರುವ ಇಲಿ, ಇಲಿಗೆ ಬಂದ ನಾಗರಹಾವು. ಅದು ಅವಳ ಲಂಗದ ಅಂಚನ್ನು ದಾಟಿ, ಪಾಟಿಚೀಲದ ಮೇಲೆ ಹರಿದು, ನಿಧಾನವಾಗಿ ಬಾಗಿಲ ಕಡೆ ಹೋಗುತ್ತಿತ್ತು.

ನನ್ನ ಬಾಯಿ ತೆರೆದಿತ್ತು. ಹುಡುಗಿ ಹಾವಿನ ಕಡೆ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತ, ತುಟಿಯ ಮೇಲೆ ಬೆರಳಿಟ್ಟು, ಕೂಗಬೇಡಿ ಎಂದು ತಲೆಯಾಡಿಸುತ್ತಿದ್ದಳು.

ಹಾವು ಹೋದ ಮೇಲೆ ಅವಳ ಪಕ್ಕ ಕೂತೆ. "ಯಾಕೆ ಕೂಗಲಿಲ್ಲ ಕಣೇ?" ಎಂದೆ. ಅವಳು ಸ್ಲೇಟು ಒರೆಸಿಕೊಳ್ಳುತ್ತ, "ಹುಳ ಜ್ವರಕ್ಕೆ ಕುಂತವಲ್ಲ ಮೇಡಂ," ಎಂದು ಪಿಸುಗುಟ್ಟಿದಳು.

ಅವತ್ತು ಸಂಜೆ ಊರಿನ ಯಜಮಾನರ ಜಗಲಿಗೆ ಹೋದೆ. ಅಜ್ಜಿಯೂ ಇದ್ದರು, ಇನ್ನೂ ನಾಲ್ಕಾರು ಜನ ಇದ್ದರು. ಹಾವಿನ ಸಂಗತಿ ಹೇಳಿದೆ. ಕೇಳಿ ಹೌಹಾರುತ್ತಾರೆ ಎಂದು ನಾನು ತಿಳಿದಿದ್ದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆದೂಗಿದರು.

"ಬೋ ಬುದ್ವಂತೆ ಮಗ," ಎಂದರು ಯಜಮಾನರು. "ಹಾವು ಬಂದ್ರೂ ಉಸಿರೆತ್ತಲಿಲ್ಲ ನೋಡಿ."

ಅಜ್ಜಿಯ ಮುಖದಲ್ಲಿ ಹೆಮ್ಮೆ ಕಂಡಿತು. ಅಷ್ಟು ಭಯ ನನಗೆ ಹಾವನ್ನು ಕಂಡಾಗಲೂ ಆಗಿರಲಿಲ್ಲ. ಕೋಣೆ ಖಾಲಿ ಮಾಡಿ ಎಂದು ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ. ಯಜಮಾನರು ಸಿಟ್ಟಾಗಲಿಲ್ಲ. "ಆಯ್ತು ಮೇಡಂನೋರೆ. ಹುಳ ಎತ್ಕತೀವಿ. ಹೆಣ್ಮಕ್ಕಳ್ನೂ ಎತ್ಕತೀವಿ," ಎಂದರು. ಹಿಂದಿನವರು ಮಾಡಿಕೊಂಡ ಒಪ್ಪಂದದ ಬೆಲೆ ಏನೆಂದು ಅಲ್ಲಿ ನಿಂತಾಗಲೇ ನನಗೆ ಸರಿಯಾಗಿ ಅರ್ಥವಾದದ್ದು.

ಮಾರನೆಯ ಬೆಳಗ್ಗೆ ಗಂಟೆ ಹೊಡೆಯುವ ಮೊದಲೇ ಅಜ್ಜಿ ನನ್ನ ಮೇಜಿನ ಮುಂದೆ ನಿಂತಿದ್ದರು. ಹೆಮ್ಮೆ ಎಲ್ಲ ಇಳಿದುಹೋಗಿತ್ತು.

"ಮೇಡಮ್ಮೋರೆ, ನಮ್ ಮಗೀನ ಹೊಲ್ದ್ ತಾವ್ ಕರ್ಕೊಂಡೋಗಿದ್ದೆ. ಇಲ್ಲಿ ಯಾವ ಹುಳಾನೂ ಇಲ್ಲ, ಹಾವು ಅಂತ ಒಸಿ ಕೂಗು ನೋಡವ ಅಂದೆ. ಬಾಯಿ ತೆಗೀತು. ಸದ್ದೇ ಬರ್ನಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡರು. "ನಾಳೆ ದಿನ ಬಾವಿಗ್ ಬಿದ್ರೂ ಕೂಗಾಕಿಲ್ಲ ಅದು."

ಯಜಮಾನರನ್ನು ಒಪ್ಪಿಸಿದವರು ಅವರೇ. ಮುಂದಿನ ಬೆಳೆಯಲ್ಲಿ ಹುಳ ಕೋಣೆಯಲ್ಲೇ ಇರುತ್ತವೆ, ಮಕ್ಕಳು ಬಾಯಿ ಬಿಟ್ಟು ಓದುತ್ತಾರೆ. ಹುಳ ಕೆಟ್ಟರೆ ಹೆಣ್ಣುಮಕ್ಕಳು ಶಾಲೆ ಬಿಡುತ್ತಾರೆ. ಊರು ಇಷ್ಟಕ್ಕೆ ಒಪ್ಪಿತು.

ಮಕ್ಕಳಿಗೆ ದನಿ ಎತ್ತಿ ಎಂದು ಹೇಳುವುದು ಸುಲಭ. ದನಿ ಎಲ್ಲಿಂದ ತರಬೇಕು ಅವು? ಮೊದಲು ಸಹಶಿಕ್ಷಕರನ್ನು ಹಿಡಿದೆ. ಪಾಪ, ಅವರೂ ಮನೆಯಲ್ಲೂ ಪಿಸುಗುಟ್ಟಿ ಪಿಸುಗುಟ್ಟಿ, ಹೆಂಡತಿಯ ಹತ್ತಿರ ಬೈಸಿಕೊಳ್ಳುತ್ತಿದ್ದರು. ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ಮುಂಚಿನ ಬಿಡುವಿನಲ್ಲಿ ಮಕ್ಕಳನ್ನು ಕೆರೆಯ ಏರಿಯ ಆಚೆಗೆ ಕರೆದುಕೊಂಡು ಹೋದೆವು. ನಾನು ಗಂಟಲು ಹರಿಯುವ ಹಾಗೆ ಎರಡರ ಮಗ್ಗಿ ಕೂಗಿದೆ, ಸಹಶಿಕ್ಷಕರೂ ಕೂಗಿದರು. ಮಕ್ಕಳ ಭುಜಗಳು ಕುಲುಕಿದವು. ಎಷ್ಟೋ ದಿನ ಭುಜ ಮಾತ್ರ ಕುಲುಕಿದವು. ಆಮೇಲೆ ಒಂದನೇ ತರಗತಿಯ ಚಿಕ್ಕ ಮಗುವೊಂದು ಕಿಸಕ್ಕನೆ ನಕ್ಕಿತು, ನಕ್ಕು ತಾನೇ ಬೆದರಿ ಬಾಯಿ ಮುಚ್ಚಿಕೊಂಡಿತು. ಅಲ್ಲಿಂದ ಮಗ್ಗಿ ಏರಿಯ ಈಚೆಗೆ ಬಂತು, ಆಟದ ಬಯಲಿಗೆ ಬಂತು, ಶಾಲೆಯ ಮೆಟ್ಟಿಲಿಗೆ ಬಂತು. ಹೊಸ ಹುಳ ಮೂರನೇ ಜ್ವರದಿಂದ ಏಳುವ ಹೊತ್ತಿಗೆ ಕೋಣೆಯೊಳಗೆ ಬಂತು. ಗೋಡೆಯ ಆಚೆ ಮಳೆ, ಈಚೆ ಮಗ್ಗಿ. ಅಜ್ಜಿಯ ಮೊಮ್ಮಗಳ ತುಟಿ ಮಾತ್ರ ಆಡುತ್ತಿತ್ತು, ಮೊದಲಿನ ಹಾಗೇ.

ದೊಡ್ಡ ಜ್ವರದ ದಿನ ಬಂತು. ಮಳೆ ನಿಂತಿತು. ನಾವು ಎಷ್ಟೇ ಧೈರ್ಯ ತಂದುಕೊಂಡರೂ ಅವತ್ತು ಮಗ್ಗಿಯೂ ತಾನಾಗಿಯೇ ತಗ್ಗಿ, ಕಡೆಗೆ ನಿಂತೇಹೋಯಿತು. ನನಗೂ ದನಿ ಎತ್ತಲು ಮನಸ್ಸಾಗಲಿಲ್ಲ. ನಾಲ್ಕನೇ ತರಗತಿಗೆ ಭೂಪಟ ತೋರಿಸೋಣ ಎಂದು ಬೀರುವಿನ ಹಿಂದಿನ ಸಂದಿಗೆ ಕೈ ಹಾಕಿದೆ.

"ಮೇಡಂ! ಹಾವು! ಕೈ ತೆಗೀರಿ!"

ಯಾರ ದನಿ ಎಂದು ಗೊತ್ತಾಗಲಿಲ್ಲ, ಆ ದನಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಒಡಕು ದನಿ, ಹೆಂಚು ಹಾರಿಹೋಗುವಂಥ ದನಿ. ಮಕ್ಕಳೆಲ್ಲ ಕಿರುಚುತ್ತ ಹೊರಗೆ ಓಡಿದರು. ನಾನು ಕೈ ಎಳೆದುಕೊಂಡಾಗ ಭೂಪಟದ ಸುರುಳಿಯ ಜೊತೆ ಅದು ನೆಲಕ್ಕೆ ಬಿತ್ತು. ಹಾವಲ್ಲ, ಹಾವು ಬಿಟ್ಟು ಹೋದ ಪೊರೆ. ಅಜ್ಜಿಯ ಮೊಮ್ಮಗಳು ಬಾಗಿಲಲ್ಲಿ ನಿಂತು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಹುಳದ ಕೋಣೆಯ ಕಡೆ ನೋಡುತ್ತಿದ್ದಳು.

ಆ ಬೆಳೆ ಎಂದಿನ ಹಾಗೇ ಬಂತು, ಗೂಡು ರಾಮನಗರದ ಮಾರುಕಟ್ಟೆಗೆ ಹೋಯಿತು, ಹೆಣ್ಣುಮಕ್ಕಳು ಶಾಲೆಯಲ್ಲಿ ಉಳಿದರು. ಅದೆಲ್ಲ ಆಮೇಲಿನ ಮಾತು. ಅವತ್ತು ಹುಳದ ಕೋಣೆಯ ಬಾಗಿಲು ತೆರೆದಾಗ ನಮಗೆ ಯಾರಿಗೂ ಏನೂ ಗೊತ್ತಿರಲಿಲ್ಲ. ಅಜ್ಜಿ ಹೊರಗೆ ಬಂದರು. ಹುಳದ ಮೇಲೆ ಉದುರಿಸುವ ಸುಣ್ಣದ ಪುಡಿ ಕೈತುಂಬ ಮೆತ್ತಿತ್ತು. ನನ್ನನ್ನು ನೋಡಿದರು, ಪೊರೆ ನೋಡಿದರು. ನೇರವಾಗಿ ಹೋಗಿ ಮೊಮ್ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಆ ಬಿಳಿ ಕೈಯಿಂದ ಅವಳ ಕೈಗಳನ್ನು ಬಾಯಿಂದ ಬಿಡಿಸಿದರು.

"ಇನ್ನೊಂದ್ ಸಲ ಕೂಗವ," ಎಂದರು.

ಹುಡುಗಿ ಅಜ್ಜಿಯ ಬೆನ್ನ ಹಿಂದೆ ತೆರೆದೇ ಇದ್ದ ಬಾಗಿಲನ್ನು ನೋಡಿದಳು. ಒಳಗೆ ಹುಳಗಳು ತಲೆ ಎತ್ತಿಕೊಂಡು ಕೂತಿದ್ದವು. ಅವಳು ಕೂಗಿದಳು.