ಹಲ್ಲಿನ ಡಾಕ್ಟರ ತೊಟ್ಟಿಯಲ್ಲಿ ದೊಡ್ಡಮ್ಮನ ಏಂಜಲ್

ನಮ್ಮ ದೊಡ್ಡಮ್ಮನ ಅಂಗಡಿಯಿಂದ ಮೀನು ತೆಗೆದುಕೊಂಡು ಹೋದವರಿಗಿಂತ ಬೈಸಿಕೊಂಡು ಹೋದವರೇ ಹೆಚ್ಚು. ತಿನ್ನುವ ಮೀನಲ್ಲ, ಗಾಜಿನ ತೊಟ್ಟಿಯಲ್ಲಿ ಸಾಕುವ ಮೀನು. "ತೊಟ್ಟಿ ಎಷ್ಟುದ್ದ? ಒಳಗೆ ಈಗ ಯಾರ್ಯಾರಿದ್ದಾರೆ?" ಎಂದು ವಿಚಾರಿಸದೆ ಅವಳು ಬಲೆ ಕೈಗೆತ್ತಿಕೊಳ್ಳುತ್ತಿರಲಿಲ್ಲ. ಬೀದಿಯವರು ಪೊಲೀಸಮ್ಮ ಎಂದೇ ಕರೆಯುತ್ತಿದ್ದರು. ಗಪ್ಪಿಗಳ ಜೊತೆ ಬಿಡಲು ಟೈಗರ್ ಬಾರ್ಬ್ ಬೇಕೆಂದ ದಢೂತಿ ಮನುಷ್ಯನಿಗೆ, "ಅದು ಗಪ್ಪಿ ಬಾಲ ಕಚ್ಚಿ ಹರೀತದೆ. ದಿನಾ ಯಾರಾದ್ರೂ ನಿಮ್ಮ ಪ್ಯಾಂಟನ್ನ ಹಿಂದಿನಿಂದ ಕಚ್ಚಿದ್ರೆ ಸುಮ್ನಿರ್ತೀರಾ?" ಎಂದು ಕೇಳಿದ್ದಳು.

ಅಂಗಡಿ ಇದ್ದದ್ದು ಮೆಟ್ಟಿಲ ಕೆಳಗಿನ ಸಂದಿಯಲ್ಲಿ. ಎರಡಡಿಗಿಂತ ದೊಡ್ಡ ತೊಟ್ಟಿ ಅಲ್ಲಿ ಹಿಡಿಸುತ್ತಿರಲಿಲ್ಲ. ಒಂದು ನಾಲ್ಕಡಿ ತೊಟ್ಟಿಯನ್ನು ತನ್ನ ಕೈಯಾರೆ ತುಂಬಿಸಬೇಕೆಂಬುದು ಅವಳ ಇಪ್ಪತ್ತು ವರ್ಷದ ಆಸೆ. ಆ ಅವಕಾಶ ಕೊಟ್ಟವರು ಮೂಲೆಮನೆಯ ಹಲ್ಲಿನ ಡಾಕ್ಟರು; ತಮ್ಮ ಕ್ಲಿನಿಕ್ಕಿನಲ್ಲಿ ರೋಗಿಗಳು ಕಾಯುವ ಕಡೆ ಅಂಥದೊಂದು ತೊಟ್ಟಿ ಇಡಿಸಿದ್ದರು.

"ಒಂದು ತಿಂಗಳು ನೋಡ್ತೀನಮ್ಮ. ಒಂದು ಮೀನು ಕಮ್ಮಿಯಾದ್ರೂ ತೊಟ್ಟಿ ತೆಗೆಸಿ ಟಿ.ವಿ. ಹಾಕಿಸ್ತೀನಿ. ಮೊದಲೇ ಹೆದರಿ ಕೂತಿರೋರಿಗೆ ಹೆಣ ಬೇರೆ ತೋರಿಸಕ್ಕಾಗಲ್ಲ."

ದೊಡ್ಡಮ್ಮ ವಾರವಿಡೀ ಯೋಚಿಸಿ ಆರಿಸಿದಳು. ತಳದಲ್ಲಿ ಓಡಾಡುವ ಕೋರಿ ಮೀನು ಆರು, ಒಂಟಿಯಾಗಿ ಬಿಟ್ಟರೆ ಕೊರಗುತ್ತವೆಂದು. ನಡುವೆ ಗುಂಪಾಗಿ ಈಜಲು ಹೊಸದಾಗಿ ತರಿಸಿದ ಪುಟಾಣಿ ನಿಯಾನ್ ಮೀನು ಇಪ್ಪತ್ತು. ಎಲ್ಲವೂ ಒಂದೇ ಬಗೆಯ ನೀರಿಗೆ ಒಗ್ಗುವಂಥವು. ಕೊನೆಗೆ, ಅಂಗಡಿಯಲ್ಲಿ ಯಾರಿಗೂ ಮಾರದೆ ಮುದ್ದಾಗಿ ಸಾಕಿದ್ದ ಅಂಗೈಯಗಲದ ಏಂಜಲ್ ಮೀನನ್ನೂ ಬಿಟ್ಟಳು.

ದೊಡ್ಡಪ್ಪ ಕೇಳಿಯೇ ಬಿಟ್ಟರು: "ಒಂದರ ಬಾಯಲ್ಲಿ ಹಿಡಿಸೋ ಮೀನನ್ನ ಅದರ ಜೊತೇಲಿ ಬಿಡಬಾರದು ಅಂತ ಊರಿಗೆಲ್ಲ ಹೇಳ್ತೀಯ. ನಿನ್ನ ಕಾನೂನು ನಿನಗಿಲ್ವೇನೇ?"

"ಇದು ಅಂಥದ್ದಲ್ಲ ರೀ. ಉಗುರಷ್ಟಿದ್ದಾಗಿಂದ ನಮ್ಮಂಗಡಿ ನಿಯಾನ್‌ಗಳ ಜೊತೆಗೇ ಬೆಳೆದಿದೆ. ಒಂದನ್ನೂ ಮುಟ್ಟಿಲ್ಲ."

"ನಾನೂ ನಿಮ್ಮಪ್ಪನ ಮುಂದೆ ಹಾಗೇ ಇದ್ದೆ."

ಎರಡನೇ ವಾರ ಇಪ್ಪತ್ತು ಹದಿನೆಂಟಾಯಿತು. ದೊಡ್ಡಮ್ಮ ಕ್ಲಿನಿಕ್ಕಿನ ಬೆಂಚಿನಲ್ಲಿ ಕೆನ್ನೆಗೆ ಕೈಯಿಟ್ಟು ಕೂತು ಎಣಿಸತೊಡಗಿದಳು. ಗಿಡಗಳ ಹಿಂದೆ ನುಸುಳುತ್ತ ಒಂದು ಕಡೆ ನಿಲ್ಲದ ಮೀನುಗಳನ್ನು ಎಣಿಸುವುದು ಸುಲಭವಲ್ಲ. ಚೀಟಿ ಬರೆಯುವ ಹುಡುಗಿ ಬಂದು, "ಯಾವ ಹಲ್ಲಮ್ಮ, ಮೇಲಿಂದಾ ಕೆಳಗಿಂದಾ?" ಎಂದು ಎರಡು ಸಲ ಕೇಳಿ ಹೋದಳು. ಮೂರನೆಯ ಬೆಳಿಗ್ಗೆ ದೀಪ ಹಾಕಿದ ಕೂಡಲೇ ಕಂಡಿತು: ಏಂಜಲ್ ಬಾಯಿಯಿಂದ ನಿಯಾನ್ ಬಾಲವೊಂದು ಹೊರಗೆ ಇಣುಕುತ್ತಿತ್ತು. ಅಂಗಡಿಯ ನಿಯಾನ್‌ಗಳು ಅದಕ್ಕೆ ಮನೆಯವರು. ಇವು ಹೊಸಬರು, ಎಂದರೆ ಊಟ.

"ಮೂರು ತಂದು ಸುಮ್ನೆ ಸೇರಿಸಿಬಿಡು. ಡಾಕ್ಟರೇನು ಹಾಜರಿ ಹಾಕ್ತಾರಾ?" ಎಂದರು ದೊಡ್ಡಪ್ಪ. ಅವಳು ಮೂರು ನಿಯಾನ್‌ಗಳನ್ನು ಚೀಲಕ್ಕೆ ತುಂಬಿಯೂ ಆಗಿತ್ತು. ಚೀಲ ಎತ್ತಿ ನೋಡಿ, "ಇದು ಬಡಿಸೋಕೆ ಹೋದ ಹಾಗಾಯ್ತಲ್ರೀ" ಎಂದು ವಾಪಸು ಸುರಿದಳು. ಬರಿಗೈಯಲ್ಲೇ ಡಾಕ್ಟರ ಬಳಿ ಹೋದಳು.

"ಮೂರು ಕಮ್ಮಿಯಾಗಿದೆ ಸಾರ್."

ಡಾಕ್ಟರು ಮಾಸ್ಕ್ ಇಳಿಸಿದರು. "ಎಲ್ಲಿ? ಹೆಣ ಕಾಣಲಿಲ್ವಲ್ಲ?"

"ಹೊಟ್ಟೇಲಿದೆ. ತಪ್ಪು ಏಂಜಲ್‌ದಲ್ಲ, ನಂದು. ಟಿ.ವಿ.ಯವರಿಗೆ ಹೇಳಿ."

"ಅದೊಂದನ್ನ ತೆಗೆದ್ರೆ ಉಳಿದವು ಉಳೀತಾವಾ?"

"ಉಳೀತಾವೆ."

"ಮತ್ತೆ ಒಂದು ಹಲ್ಲಿಗೋಸ್ಕರ ಬಾಯೆಲ್ಲ ಯಾಕೆ ಬೋಳು ಮಾಡ್ಲಿ? ಕೀಳಿ ಅದನ್ನ."

ದೊಡ್ಡಮ್ಮ ಬಲೆಯನ್ನೇ ತಂದಿರಲಿಲ್ಲ. ಡಾಕ್ಟರ ಜಗ್ಗು ಇಸಕೊಂಡು, ಇನ್ನೊಂದು ಕೈಯನ್ನು ನೀರಿಗಿಳಿಸಿದಳು. ತಿನ್ನಲು ಏನೋ ತಂದಿದ್ದಾಳೆಂದು ಏಂಜಲ್ ತಾನಾಗಿ ಬಂದು ಬೆರಳ ತುದಿಗೆ ಬಾಯಿ ಹಚ್ಚಿತು. "ಬಾರೇ ರಾಕ್ಷಸಿ" ಎನ್ನುತ್ತ ಅದನ್ನು ಮೆಲ್ಲಗೆ ಜಗ್ಗಿನೊಳಕ್ಕೆ ಸರಿಸಿಕೊಂಡಳು.

ಜಗ್ಗು ಮೇಲೆ ಬಂದು ಸ್ವಲ್ಪ ಹೊತ್ತಿಗೆ, ಗಿಡಗಳ ಹಿಂದೆ ಅಂಟಿಕೊಂಡಿದ್ದ ಹದಿನೇಳು ನಿಯಾನ್‌ಗಳು ಒಂದೊಂದಾಗಿ ತೊಟ್ಟಿಯ ನಡುವಿಗೆ ಬಂದವು.

"ಇಷ್ಟು ದಿನ ಇವಕ್ಕೆ ನಾಚಿಕೆ ಅಂದ್ಕೊಂಡಿದ್ದೆ" ಎಂದಳು ದೊಡ್ಡಮ್ಮ.

ಹುಡುಗಿ ಮುಂದಿನ ನಂಬರ್ ಕೂಗಿದಳು. ಬೆಂಚಿನವರೆಲ್ಲ ತೊಟ್ಟಿಯನ್ನೇ ನೋಡುತ್ತ ಕೂತಿದ್ದರು. ಯಾರೂ ಏಳಲಿಲ್ಲ.