ಬೆಳಕಿಂಡಿಯ ಕೆಳಗಿನ ಪೆಟ್ಟಿಗೆ

ಆಗಿನ್ನೂ ನಮ್ಮ ಕಡೆ ಹೈದರಾಬಾದು ಸಂಸ್ಥಾನವೇ. ನಿಜಾಮನ ಆಳಿಕೆ ಮುಗಿದಿತ್ತು. ಗೌಡರ ಆಳಿಕೆಯೂ ಮುಗಿಯಿತೆಂದು ಮಾತ್ರ ನಮ್ಮ ಓಣಿಗೆ ಯಾರೂ ಬಂದು ಹೇಳಿರಲಿಲ್ಲ. ಚಿತ್ತಾಪುರಕ್ಕೂ ವಾಡಿಗೂ ನಡುವಿನ ಊರು ನಮ್ಮದು. ನೀವೂ ಅಂಥ ಓಣಿಯಲ್ಲಿ ಬೆಳೆದಿದ್ದರೆ ನಿಮಗೆ ಗೊತ್ತಿರುತ್ತದೆ: ಮೂರು ಕಡೆ ಗೋಡೆ, ಒಂದು ಕಡೆ ಅಗಸಿ ಬಾಗಿಲು, ಅಗಸಿಗೆ ಆತುಕೊಂಡೇ ಗೌಡರ ವಾಡೆ. ನೀರಿಗೆ ಹೋಗಲಿ, ಹೊಲಕ್ಕೆ ಹೋಗಲಿ, ಕೊನೆಗೆ ಮಣ್ಣಿಗೆ ಹೋಗಲಿ, ಗೌಡರ ಕಟ್ಟೆಯ ಮುಂದೆಯೇ ಹಾಯಬೇಕು. ಅಲ್ಲಿ ಗಂಡಸರು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯಬೇಕು, ಹೆಂಗಸರು ಸೆರಗನ್ನು ಎದೆಯವರೆಗೆ ಇಳಿಸಿಕೊಂಡು ಬಾಗಿ ನಡೆಯಬೇಕು. ರಜಾಕಾರರ ಕಾಲದಲ್ಲಿ ಆ ಅಗಸಿ ಮುಚ್ಚಿದ್ದರಿಂದಲೇ ನಾವೆಲ್ಲ ಉಳಿದದ್ದು ಎಂದು ಅಜ್ಜಿ ಹೇಳುತ್ತಿದ್ದಳು. ಉಳಿಸಿದ್ದು ನಿಜ. ಆಮೇಲೆ ನಮ್ಮನ್ನು ಬಿಡಲಿಲ್ಲ ಎಂಬುದೂ ನಿಜ.

ನೆಲವೆಲ್ಲ ಗೌಡರದಾದರೆ ಮಾಳಿಗೆ ಮಾತ್ರ ನಮ್ಮದು. ಮನೆಗಳ ಮಣ್ಣಿನ ಮಾಳಿಗೆಗಳು ಒಂದಕ್ಕೊಂದು ಕೂಡಿಕೊಂಡಿದ್ದವು. ಹೆಂಗಸರು ಸೆರಗು ಹಾರಿಸಿಕೊಂಡು, ನಗುತ್ತ, ರೊಟ್ಟಿಗೆ ನಂಜಿಕೊಳ್ಳುವ ಹಿಂಡಿಯ ಬಟ್ಟಲು ಹಿಡಿದುಕೊಂಡು ಮೇಲಿನಿಂದಲೇ ಮನೆಯಿಂದ ಮನೆಗೆ ಹೋಗುತ್ತಿದ್ದರು. ನಾವು ಹುಡುಗಿಯರು ಬೆಳಕಿಗೆಂದು ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಗಳಿಗೆ ಮೂಗು ಹಚ್ಚಿ, ಕೆಳಗೆ ಯಾರ ಒಲೆಯ ಮೇಲೆ ಏನಿದೆ ಎಂದು ಪಂದ್ಯ ಕಟ್ಟುತ್ತಿದ್ದೆವು. ಪುಂಡಿಪಲ್ಯದ ಹುಳಿ ವಾಸನೆಯನ್ನು ನನ್ನಷ್ಟು ದೂರದಿಂದ ಹಿಡಿಯುವವರು ಯಾರೂ ಇರಲಿಲ್ಲ. ಕಣ್ಣು ಹಚ್ಚಿದರೆ ಬುಟ್ಟಿಯಲ್ಲಿ ರೊಟ್ಟಿ ಎಷ್ಟಿವೆ ಎಂಬುದೂ ಕಾಣುತ್ತಿತ್ತು. ಹೀಗಾಗಿ ಬೆಳಕಿಂಡಿಯ ಕೆಳಗೆ ಗುಟ್ಟು ಉಳಿಯುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ಮನೆಯಲ್ಲಿ ಆಗ ನೀಲಮ್ಮಕಾಕಿ ಇದ್ದಳು, ಅಪ್ಪನ ತಮ್ಮನ ಹೆಂಡತಿ. ಕಾಕಾ ಶಹಾಬಾದಿನಲ್ಲಿ ಪರ್ಸಿ ಕಲ್ಲಿನ ಖಣಿಗೆ ಹೋಗುತ್ತಿದ್ದ. ಅಲ್ಲಿ ಕೆಂಪು ಬಾವುಟದವರ ಜೊತೆ ಸೇರಿ, ಉಳುವವನಿಗೇ ಹೊಲ ಎಂದು ನಮ್ಮ ಓಣಿಯಲ್ಲೂ ಒಂದು ಸಂಜೆ ಮಾತಾಡಿಬಿಟ್ಟ. ಮರುದಿನದಿಂದ ಅವನು ಅಗಸಿಯೊಳಗೆ ಕಾಲಿಡಕೂಡದೆಂದು ಗೌಡರು ಹೇಳಿದರು. ಓಣಿಗೆ ಒಂದೇ ಬಾಯಿ ಇದ್ದ ಮೇಲೆ ಒಬ್ಬನನ್ನು ತಡೆಯುವುದೇನು ದೊಡ್ಡ ಕೆಲಸ? ಬಾಗಿಲಲ್ಲಿ ಒಂದು ಆಳು ಕೂತರೆ ಸಾಕು. "ಖಣ್ಯಾಗ ನಾಕೂ ದಿಕ್ಕಿಗಿ ದಾರಿ ಅದಾವ. ಅಲ್ಲಿ ನಮ್ಮನ್ನ ಯಾರ್ ತಡೀತಾರ?" ಎಂದು ಕಾಕಾ ಅಗಸಿಯ ಹೊರಗೇ ನಿಂತು ಹೇಳಿ ಹೋದ. ಕಾಕಿ ಒಳಗೇ ಉಳಿದಳು. ಗೌಡರ ಹೊಲವನ್ನು ಅವಳು ಅಜ್ಜಿಯ ಜೊತೆ ಪಾಲಿಗೆ ಮಾಡುತ್ತಿದ್ದಳು. ನಮ್ಮೆಲ್ಲರ ಜೋಳ ಆ ಹೊಲದಿಂದಲೇ ಬರಬೇಕಿತ್ತು.

ಮೊದಲ ಚುನಾವಣೆ ಬಂತು. ಊರಿನಲ್ಲಿ ದೊಡ್ಡ ಕಟ್ಟಡವೆಂದರೆ ವಾಡೆಯೊಂದೇ. ಮತದ ಪೆಟ್ಟಿಗೆಗಳೂ ಅಲ್ಲಿಗೇ ಬಂದವು. ಆಗ ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವನ ಗುರುತಿನ ಚಿತ್ರ. ಕೆಂಪು ಬಾವುಟದವರಿಗೂ ಒಂದು ಪೆಟ್ಟಿಗೆಯಿತ್ತು; ಯಾವುದಕ್ಕೆ ಹಾಕಬೇಕೆಂದು ಗೌಡರು ಓಣಿಗೆಲ್ಲ ಮೊದಲೇ ಹೇಳಿಸಿದ್ದರು. ಹೊರಗಿನ ಪಡಸಾಲೆಯಲ್ಲಿ ಗುಲಬರ್ಗಾದಿಂದ ಬಂದ ಸಾಹೇಬರು ಚೀಟಿ ಕೊಡುತ್ತಿದ್ದರು. ಒಳಕೋಣೆಗೆ ಒಬ್ಬರೇ ಹೋಗಿ ತಮಗೆ ಬೇಕಾದ ಪೆಟ್ಟಿಗೆಗೆ ಹಾಕಿ ಬರಬೇಕು. ಸಾಹೇಬರು ಒಬ್ಬೊಬ್ಬ ಹೆಂಗಸಿಗೂ ಹೇಳುತ್ತಿದ್ದರು: "ತಾಯೀ, ಯಾವ ಪೆಟ್ಟಿಗೆಗೆ ಹಾಕಿದಿರಿ ಅಂತ ಯಾರಿಗೂ ಹೇಳಬ್ಯಾಡ್ರಿ."

ಆ ಬೆಳಿಗ್ಗೆ ನಾನು ಮಾಳಿಗೆಯ ಮೇಲೆ ಒಣಗಲು ಹಾಕಿದ್ದ ಮೆಣಸಿನಕಾಯಿ ಹರವುತ್ತಿದ್ದೆ. ಖಾರ ಗಂಟಲಿಗೆ ಹತ್ತಿ ಕೆಮ್ಮುತ್ತ ತಲೆ ಎತ್ತಿದರೆ, ವಾಡೆಯ ಮಾಳಿಗೆಯ ಮೇಲೆ ಗೌಡರ ಆಳು ಸಿದ್ರಾಮ ಹೊಟ್ಟೆಯ ಮೇಲೆ ಮಲಗಿದ್ದ. ಅವನ ಮುಖವೆಲ್ಲ ಒಳಕೋಣೆಯ ಬೆಳಕಿಂಡಿಯಲ್ಲಿತ್ತು. ಇಳಿದು ಓಡಿ, ವಾಡೆಯ ಅಂಗಳದಲ್ಲಿ ಸಾಲಿನಲ್ಲಿ ನಿಂತಿದ್ದ ಕಾಕಿಯ ಸೀರೆ ಜಗ್ಗಿದೆ.

"ಕಾಕಿ, ಮ್ಯಾಲ ಬೆಳಕಿಂಡ್ಯಾಗ ಸಿದ್ರಾಮ ನೋಡಲಕತ್ತಾನ!"

ಕಾಕಿ ಮೇಲೆ ನೋಡಲಿಲ್ಲ. ಕಟ್ಟೆಯ ಮೇಲೆ ಗೌಡರು ಕೂತಿದ್ದರು. ಹಿಂದೆ ಅಗಸಿ, ಮುಂದೆ ಆ ಕೋಣೆ. ಸಾಲು ಬಿಟ್ಟು ಹೋದರೂ ಅದಕ್ಕೊಂದು ಅರ್ಥ ಹಚ್ಚುತ್ತಿದ್ದರು. ಅವಳು ಮುಂದಿನವಳಿಗೂ ಹಿಂದಿನವಳಿಗೂ ಕೇಳುವಷ್ಟೇ ಮೆಲ್ಲಗೆ ಅಂದಳು: "ವಾಡೇದಾಗ ಹೊಂಟೀವಿ. ಸೆರಗು ಪೂರಾ ಇಳಸ್ರವ್ವ. ಪೆಟ್ಟಿಗಿ ಮುಚ್ಚೂಹಂಗ ಬಗ್ಗಿ ಹಾಕ್ರಿ."

ನಾನು ಮತ್ತೆ ಮಾಳಿಗೆ ಹತ್ತಿದೆ. ಸಿದ್ರಾಮ ಎದ್ದು ಬೆಳಕಿಂಡಿಯ ಆ ಮಗ್ಗುಲಿಗೆ ಮಲಗಿದ, ಈ ಮಗ್ಗುಲಿಗೆ ಮಲಗಿದ. ಕಡೆಗೆ ಉಗುಳಿ, "ಇವಕ್ಕ ಏನ್ ಬ್ಯಾನಿ ಬಂದದ, ಬರೇ ಸೀರೀನೇ ಕಾಣಲಕತ್ತದ" ಎಂದು ಬೈದುಕೊಂಡ. ನನಗೆ ನಗು ತಡೆಯಲಾಗದೆ ಮೆಣಸಿನಕಾಯಿಯ ಕೈಯಲ್ಲೇ ಬಾಯಿ ಮುಚ್ಚಿಕೊಂಡೆ. ದಿನವೆಲ್ಲ ಬಾಯಿ ಉರಿಯಿತು.

ನಗು ಅಲ್ಲಿಗೇ ಮುಗಿಯಿತು. ಎರಡು ದಿನ ಬಿಟ್ಟು ಗೌಡರು ಪಾಲಿನ ಮನೆಗಳ ಹೆಂಗಸರನ್ನೆಲ್ಲ ಕರೆಸಿದರು. ಕೊರಳಲ್ಲಿದ್ದ ಲಿಂಗ ಮುಟ್ಟಿ, ಗೌಡರು ಹೇಳಿದ ಪೆಟ್ಟಿಗೆಗೇ ಹಾಕಿದ್ದೇನೆಂದು ಆಣೆ ಮಾಡಬೇಕು. ಮಾಡಿದವರಿಗೆ ಹೊಲ ಉಳಿಯುತ್ತದೆ. ಒಬ್ಬೊಬ್ಬರೇ ಮಾಡಿ ಬಂದರು. ಅವರಲ್ಲಿ ಯಾರದು ಸುಳ್ಳೋ ಶಿವನೇ ಬಲ್ಲ, ನಾನಂತೂ ಅವರನ್ನು ತಪ್ಪು ಅನ್ನಲಾರೆ. ಕಾಕಿ ಮಾತ್ರ ಹೋಗಿ ನಿಂತು, ಹಾಗೇ ಬಂದಳು.

ಅಜ್ಜಿ ಹಣೆ ಹಣೆ ಬಡಿದುಕೊಂಡಳು. "ಯವ್ವಾ, ಗೌಡನ ಪೆಟ್ಟಿಗಿಗಿ ಹಾಕೀನಿ ಅಂತ ಒಂದ್ ಮಾತು ಹೇಳಿಬಿಡು."

"ಹೇಳಬ್ಯಾಡಂತ ಆ ಸಾಹೇಬ ಹೇಳ್ಯಾನತ್ತಿ. ನಾ ಹ್ಞೂಂ ಅಂದೀನಿ."

"ಖರೇನೇ ಅವಂಗ ಹಾಕಿದ್ರೂ ಹೇಳಂಗಿಲ್ಲೇನ?"

"ಯಾರಿಗಿ ಹಾಕಿದ್ರೂ ಹೇಳಂಗಿಲ್ಲ."

"ಆ ಸಾಹೇಬ ಗುಲಬರ್ಗಾಕ್ಕ ಹೋದ! ಹೊಲ ಇಲ್ಲೇ ಅದ, ಗೌಡ ಇಲ್ಲೇ ಇದ್ದಾನ, ನಾವೂ ಇಲ್ಲೇ ಇರಬೇಕು!"

ಕಾಕಿ ಅತ್ತಳು. ಅತ್ತರೂ ಹೇಳಲಿಲ್ಲ. ಹೊಲ ಹೋಯಿತು.

ಅದೇ ತಿಂಗಳು ಗೌಡರು ಮಾಳಿಗೆ ಮಾಳಿಗೆಗಳ ನಡುವೆ ಪರ್ಸಿ ಕಲ್ಲು ನಿಲ್ಲಿಸಿ, ಜಾಲಿಮುಳ್ಳು ಹೊರಿಸಿದರು. ಯಾರ ಮನೆಯಿಂದ ಯಾರ ಮನೆಗೂ ಮೇಲಿನಿಂದ ಹೋಗದಂತಾಯಿತು. ಹಿಂಡಿಯ ಬಟ್ಟಲೂ ಕೆಳಗಿನ ಕಟ್ಟೆಯ ಮುಂದೆಯೇ ತಲೆ ತಗ್ಗಿಸಿ ಹಾಯತೊಡಗಿತು. ಆ ಬೇಸಿಗೆಯಷ್ಟು ಉಸಿರು ಕಟ್ಟಿದ ಬೇಸಿಗೆಯನ್ನು ನಾನು ಮತ್ತೆ ಕಂಡಿಲ್ಲ.

ಕಾಕಿ ಶಹಾಬಾದಿಗೆ ಹೊರಟ ದಿನ ಅವಳ ಗಂಟು ಹೊತ್ತು ನಾನು ಅಗಸಿಯವರೆಗೆ ಹೋದೆ. ಕಾಕಾ ಹೊರಗೆ ಬೇವಿನ ಗಿಡದ ಕೆಳಗೆ ಬಂಡಿ ನಿಲ್ಲಿಸಿಕೊಂಡಿದ್ದ. ಅವನ ಮುಖದ ತುಂಬ ಹೆಮ್ಮೆ.

"ಹೊಲ ಹೋದ್ರ ಹೋಗ್ಲಿ ಬಿಡು. ನಮ್ಮ ಪೆಟ್ಟಿಗಿಗೇ ಹಾಕಿದಿ, ಹೌದಿಲ್ಲೋ?"

ಕಾಕಿ ಅಗಸಿ ದಾಟಿ, ತಲೆಯ ಮೇಲಿನ ಸೆರಗು ಸರಿಸಿ, ಅವನ ಮುಖ ನೋಡಿದಳು.

"ಗೌಡಗ ಹೇಳಿಲ್ಲ. ನಿಮಗ್ಯಾಕ ಹೇಳಲಿ?"

ಬಂಡಿ ಹೋಯಿತು. ನಾನು ತಿರುಗಿ ಅಗಸಿಯೊಳಗೆ ಬಂದೆ. ನನಗೆ ಹೋಗಲು ಬೇರೆ ಜಾಗವಿರಲಿಲ್ಲ.

ಈಗ ಅಗಸಿ ಇಲ್ಲ. ಗೋಡೆ ಒಡೆದು ರಸ್ತೆ ಮಾಡಿದ್ದಾರೆ, ವಾಡೆಯ ಜಾಗದಲ್ಲಿ ಸಿಮೆಂಟಿನ ಅಂಗಡಿಯಿದೆ. ಮನೆಗಳೆಲ್ಲ ಆರ್‌ಸಿಸಿ, ಬೆಳಕಿಂಡಿ ಎಂದರೆ ಮೊಮ್ಮಕ್ಕಳಿಗೆ ತಿಳಿಯದು. ಮತ ಹಾಕುವುದು ಶಾಲೆಯಲ್ಲಿ, ರಟ್ಟಿನ ಮರೆಯಲ್ಲಿ. ಆದರೆ ಯಾರದು ಯಾರಿಗೆ ಎಂದು ಹಿಂದಿನ ದಿನವೇ ಓಣಿಗೆಲ್ಲ ಗೊತ್ತಿರುತ್ತದೆ. ಯಾರೂ ಮೇಲೆ ಮಲಗಿ ಇಣುಕಬೇಕಾಗಿಲ್ಲ, ಬಾಗಿಲಿಗೆ ಬಂದು ಕೇಳಿದವರಿಗೆ ನಾವೇ ಚಹಾ ಕೊಟ್ಟು ಹೇಳಿ ಕಳಿಸುತ್ತೇವೆ.

ಕಾಕಾ ಮುಪ್ಪಿನಲ್ಲೂ ಆಗಾಗ ಅದನ್ನೇ ಕೇಳುತ್ತಿದ್ದನಂತೆ. ಅವನು ಸತ್ತ ಮೇಲೆ ಒಮ್ಮೆ ಶಹಾಬಾದಿನಲ್ಲಿ ಕಾಕಿಯ ಕಾಲೊತ್ತುತ್ತ ನಾನೂ ಕೇಳಿದೆ, ಇನ್ನು ಯಾರ ಅಂಜಿಕೆ ಎಂದು. ಅವಳು ನಕ್ಕು, ಹಾಸಿಗೆಯಲ್ಲಿದ್ದಂತೆಯೇ, ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.