ಜಯಮ್ಮನ ಮಂಚಕ್ಕೆ ಹಾಕಿದ ಹಸಿ ಮರ

ಲಾಕ್‌ಡೌನ್ ಮುಗಿದ ಮರುವರ್ಷ. ಹಾನುಬಾಳಿನಲ್ಲಿ ನಾನು ಮರಗೆಲಸದ ಅಂಗಡಿ ಇಟ್ಟು ಆಗ ಇಪ್ಪತ್ತಾರು ವರ್ಷ. ಎಷ್ಟೋ ಮನೆಗಳಿಗೆ ಮಂಚ ಮಾಡಿಕೊಟ್ಟಿದ್ದೇನೆ. ಅವುಗಳಲ್ಲಿ ಒಂದನ್ನು ನೆನೆದರೆ ಈಗಲೂ ಎದೆ ಧಸಕ್ ಎನ್ನುತ್ತದೆ.

ಮಾರ್ಚ್ ತಿಂಗಳು, ಮೆಣಸು ಕೊಯ್ಲು ನಡೆದಿತ್ತು. ಹೆಗ್ಗದ್ದೆಯ ರಂಗೇಗೌಡರು ಅಂಗಡಿಗೆ ಬಂದರು. ಅವರ ಹೆಂಡತಿ ಜಯಮ್ಮ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಬೇಕಿಲ್ಲ, ಆದರೆ ಮೂರು ತಿಂಗಳು ಅಲುಗಾಡದೆ ಮಲಗಿರಬೇಕು, ಮಂಚದ ನಡು ಒಂದಿಷ್ಟೂ ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದರು. ಎಂಟು ದಿನಕ್ಕೆ ಡಿಸ್ಚಾರ್ಜ್.

"ಸಕಲೇಶಪುರದಾಗೆ ಒಂದು ಮಂಚ ನೋಡಿವ್ನಿ ಆಚಾರ್ರೆ. ನೀವು ಹೂಂ ಅಂದ್ರೆ ತಗಂಬುಡ್ತೀನಿ" ಎಂದರು ಗೌಡರು.

ಇಬ್ಬರೂ ಹೋದೆವು. ತಲೆಕಡೆಯ ಹಲಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹಾಸಿಗೆ ಎತ್ತಿಸಿ ನೋಡಿದೆ. ಮರದ ಪುಡಿ ಒತ್ತಿ ಮಾಡಿದ ಹಲಗೆ, ಗೇಣು ದೂರಕ್ಕೊಂದು ತೆಳು ಅಡ್ಡಪಟ್ಟಿ, ನಡುವೆ ಆಸರೆಗೆ ಕಾಲೇ ಇಲ್ಲ. ಒಂದು ಮೂಲೆ ಹಿಡಿದು ಅಲುಗಿಸಿದರೆ ಎದುರು ಮೂಲೆ ತೂಗಾಡಿತು.

"ಬ್ಯಾಡ ಗೌಡ್ರೆ. ನಾನೇ ಮಾಡ್ಕೊಡ್ತೀನಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಕಿಲ್ಲ" ಎಂದುಬಿಟ್ಟೆ.

ನನ್ನಲ್ಲಿ ಎರಡು ವರ್ಷ ಒಣಗಿದ ಹಲಸಿನ ಮರವಿತ್ತು. ಚೌಕಟ್ಟಿಗೆ, ಕಾಲುಗಳಿಗೆ ಸಾಕಾಯಿತು. ಹನ್ನೆರಡು ಅಡ್ಡಪಟ್ಟಿಯಲ್ಲಿ ನಾಲ್ಕಕ್ಕೆ ಸಾಲಲಿಲ್ಲ. ಡಿಸ್ಚಾರ್ಜಿಗೆ ಉಳಿದದ್ದು ಎರಡೇ ದಿನ. ಸಾಮಿಲ್ಲಿನಿಂದ ಆಗತಾನೇ ಕೊಯ್ದ ಸಿಲ್ವರ್ ಓಕ್ ತಂದು ಹಾಕಿದೆ. ಹಸಿ ಮರ ಒಣಗುತ್ತಾ ಸೊಟ್ಟಗಾಗುತ್ತದೆ, ಸೀಳುತ್ತದೆ. ಅದು ನನಗೆ ಗೊತ್ತಿರದ ವಿಷಯವಲ್ಲ. ಗೌಡರಿಗೆ ಹೇಳಲಿಲ್ಲ. ಅಂಗಡಿ ಮಂಚವನ್ನು ಅಷ್ಟು ಹಳಿದು, ಈಗ ಇದನ್ನು ಹೇಗೆ ಹೇಳುವುದು?

ಜಯಮ್ಮ ಆ ಮಂಚದಲ್ಲಿ ಮಲಗಿ ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ, ಮೂಲೆಗೆ ಒರಗಿಸಿದ್ದ ಅದೇ ಸಿಲ್ವರ್ ಓಕಿನ ಉಳಿದ ತುಂಡನ್ನು ಕೈಗೆತ್ತಿಕೊಂಡೆ. ಗಂಟು ಇದ್ದ ಕಡೆ ಬೆರಳು ತೂರುವಷ್ಟು ಬಿರುಕು. ಗೌಡರಿಗೆ ಫೋನ್ ಮಾಡಿದೆ. ಸಿಗಲಿಲ್ಲ. ಹೆಗ್ಗದ್ದೆಯಲ್ಲಿ ನೆಟ್‌ವರ್ಕ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಮತ್ತೆ ಮತ್ತೆ ಮಾಡಿದೆ.

ಒಣ ಮರ ಎಲ್ಲಿಂದ ತರಲಿ? ಮನೆಗೆ ಓಡಿ, ನಾವು ಮಲಗುವ ಮಂಚವನ್ನೇ ಬಿಚ್ಚತೊಡಗಿದೆ. ಹೆಂಡತಿ ಸುಶೀಲ ಗಾಬರಿಯಿಂದ ಬಂದಳು. ವಿಷಯ ಹೇಳಿದೆ.

"ನಿಂತ್ಕಂಡು ಏನ್ ನೋಡ್ತೀರಾ? ಬೇಗ ಬಿಚ್ಚಿ. ನಾವು ನೆಲದ ಮ್ಯಾಲೆ ಮಲಗಿದ್ರಾಯ್ತು" ಎಂದಳು.

ಪಟ್ಟಿಗಳನ್ನು ಬಾಡಿಗೆ ಜೀಪಿಗೆ ಹೇರಿ ಹೆಗ್ಗದ್ದೆಗೆ ಹೊರಟೆ. ಜೀಪು ಒಂದೊಂದು ಗುಂಡಿಗೆ ಇಳಿದಾಗಲೂ ಜಯಮ್ಮನ ಬೆನ್ನೇ ಕಣ್ಣಮುಂದೆ ಬರುತ್ತಿತ್ತು. ಹೋದಾಗ ಆಕೆ ಸೂರು ನೋಡುತ್ತಾ ಮಲಗಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ಬೆಳಗ್ಗೆಯಿಂದ ಕೆಳಗೆ ಟಕ್ ಟಕ್ ಅಂತೈತೆ ಆಚಾರ್ರೆ" ಎಂದರು.

ನೆಲಕ್ಕೆ ಮಲಗಿ ಮಂಚದಡಿ ನೋಡಿದೆ. ಸರಿಯಾಗಿ ಆಕೆಯ ಸೊಂಟದ ಕೆಳಗಿನ ಪಟ್ಟಿ ಅರ್ಧಕ್ಕೂ ಹೆಚ್ಚು ಸೀಳಿತ್ತು.

ನಾನೂ ಗೌಡರೂ ಅಕ್ಕಪಕ್ಕದವರನ್ನು ಕರೆದೆವು. ಆರು ಜನ ಜಮಖಾನದ ಅಂಚು ಬಿಗಿಹಿಡಿದು, ಮೈ ಒಂದಿಷ್ಟೂ ಬಾಗದಂತೆ ಜಯಮ್ಮನನ್ನು ಎತ್ತಿ ಪಕ್ಕದ ಬೆಂಚಿನ ಮೇಲೆ ಮಲಗಿಸಿದರು. ಆಕೆ ಹಲ್ಲು ಕಚ್ಚಿದ್ದರು. ನಾಲ್ಕೂ ಪಟ್ಟಿ ತೆಗೆದು ನಮ್ಮ ಮಂಚದ ಪಟ್ಟಿಗಳನ್ನು ಅಳತೆಗೆ ಕುಯ್ದು ಹಾಕಿದೆ. ಮೊದಲು ನಾನೇ ಮಲಗಿ ಹೊರಳಾಡಿ ನೋಡಿದೆ. ಆಮೇಲೆ ಆಕೆಯನ್ನು ಮಲಗಿಸಿದೆವು.

ಗೌಡರು ಸೀಳಿದ ಪಟ್ಟಿ ಹಿಡಿದು ನಿಂತಿದ್ದರು. "ಮರ ಹಸಿ ಅಂತ ಗೊತ್ತಿತ್ತಾ?"

"ಗೊತ್ತಿತ್ತು ಗೌಡ್ರೆ."

ಅವರು ಪಟ್ಟಿಯನ್ನು ಅಂಗಳಕ್ಕೆ ಎಸೆದು ಒಳಗೆ ಹೋದರು. ಜಯಮ್ಮನೇ ಮಾತಾಡಿದ್ದು: "ಅವತ್ತೇ ಒಂದ್ ಮಾತು ಹೇಳಿದ್ರೆ, ಒಣ ಮರ ಸಿಗೋವರ್ಗೂ ಇನ್ನೆರಡು ದಿನ ಆಸ್ಪತ್ರೆಲೇ ಇರ್ತಿದ್ನಲ್ಲ ಮಾರಾಯ."

ನಾನು ಅಂಗಳಕ್ಕಿಳಿದು ಆ ಪಟ್ಟಿಯನ್ನು ಎತ್ತಿ ಜೀಪಿಗೆ ಹಾಕಿಕೊಂಡೆ.

ದೇವರು ದೊಡ್ಡವನು, ಬೆನ್ನಿಗೆ ಏನೂ ಆಗಿರಲಿಲ್ಲ. ಮಳೆಗಾಲದ ಹೊತ್ತಿಗೆ ಜಯಮ್ಮ ಕೋಲು ಹಿಡಿದು ನಡೆದರು. ಗೌಡರು ನನ್ನೊಡನೆ ಮಾತಾಡಲು ಇನ್ನೂ ಒಂದು ವರ್ಷ ಹಿಡಿಯಿತು.

ಈಗ ಮಂಚ ಕೇಳಿ ಬಂದವರಿಗೆ ನಾನು ಮೊದಲು ತೋರಿಸುವುದು ಹಾಸಿಗೆಯಡಿ ಮುಚ್ಚಿಹೋಗುವ ಭಾಗವನ್ನು. ಮರ ಎಷ್ಟು ಒಣಗಿದೆ, ಎಲ್ಲಿ ಗಂಟಿದೆ, ಎಲ್ಲವನ್ನೂ ಹೇಳುತ್ತೇನೆ. ಒಣಗಿಲ್ಲದಿದ್ದರೆ ಇಲ್ಲ ಎನ್ನುತ್ತೇನೆ. ಕೆಲವರು ಬೇರೆ ಅಂಗಡಿಗೆ ಹೋಗುತ್ತಾರೆ. ಹೋಗಲಿ. ಮಲಗುವವರು ಮಂಚದಡಿ ಬಗ್ಗಿ ನೋಡುವುದಿಲ್ಲ. ಅವರ ಪರವಾಗಿ ನೋಡಬೇಕಾದವನು ಮಾಡಿದವನೇ.